ವಿದೇಶಕ್ಕೆ ಹೋದವರು ಬದಲಾಗಿಬಿಡುತ್ತಾರಾ? ಅಭ್ಯಾಸಗಳ ಅಸಲಿ ಗುಟ್ಟು ಇಲ್ಲಿದೆ

ಫಾರಿನ್‌ಗೆ ಹೋದ ಮಕ್ಕಳು ನಮ್ಮ ರೀತಿ ನೀತಿಯನ್ನೆಲ್ಲ ಮರೆತುಬಿಡುತ್ತಾರೆ ಎಂಬರ್ಥದ ಸಂದೇಶಗಳು ಫ್ಯಾಮಿಲಿ ಗ್ರೂಪ್‌ಗಳಲ್ಲಿ ಆಗಾಗ ಬರುತ್ತವೆ. ಯಾವ ಅಭ್ಯಾಸವಾದರೂ 21 ದಿನದಲ್ಲಿ ಮೈಗೂಡುತ್ತದೆ ಎನ್ನುವ ಸಂದೇಶವೂ ಹರಿದಾಡುತ್ತಿರುತ್ತದೆ. ಇವುಗಳಲ್ಲಿ ಎಷ್ಟು ನಿಜ? ನೋಡೋಣ.

ಅಭ್ಯಾಸ ಇರುವುದು ಎಲ್ಲಿ?

ಮೈಸೂರಿನ ಹೂಟಗಳ್ಳಿಯನ್ನೇ ತೆಗೆದುಕೊಳ್ಳಿ. ಕೈಗಾರಿಕಾ ಪ್ರದೇಶ, ಪಕ್ಕದಲ್ಲೇ ಕೆಎಚ್‌ಬಿ ಕಾಲೊನಿ. ಮಗನೋ ಮಗಳೋ ಹೊರದೇಶದಲ್ಲಿರುವ ಮನೆಗಳು ಇಂಥ ಬಡಾವಣೆಗಳಲ್ಲಿ ಈಗ ಅಪರೂಪವಲ್ಲ. ಇಲ್ಲಿನ ಹಿರಿಯರೊಬ್ಬರು ಬೆಳಗ್ಗೆ ಹಾಲು ತರಲು ಬೂತ್‌ಗೆ ಹೋಗುತ್ತಾರೆ, ದಾರಿಯಲ್ಲಿ ಪರಿಚಯದವರು ಸಿಗುತ್ತಾರೆ, ಮಾತಾಡುತ್ತಲೇ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕುತ್ತಾರೆ. ಕೇಳಿದರೆ, ವಾಕಿಂಗ್ ನನ್ನ ಅಭ್ಯಾಸ ಎನ್ನುತ್ತಾರೆ. ಆದರೆ ಆ ಅಭ್ಯಾಸದ ಅರ್ಧ ಮಾತ್ರ ಅವರಲ್ಲಿದೆ. ಉಳಿದರ್ಧ ಬೂತಿನಲ್ಲಿ, ಗೆಳೆಯರಲ್ಲಿ, ಪಾರ್ಕಿನಲ್ಲಿ ಇದೆ.

ಇದು ಬರೀ ಊಹೆಯಲ್ಲ. ಮನಶ್ಶಾಸ್ತ್ರಜ್ಞೆ ವೆಂಡಿ ವುಡ್ ಮತ್ತು ಸಂಗಡಿಗರು 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ವರ್ಗವಾದ ವಿದ್ಯಾರ್ಥಿಗಳ ವ್ಯಾಯಾಮ, ಪತ್ರಿಕೆ ಓದು, ಟಿವಿ ನೋಡುವ ಅಭ್ಯಾಸಗಳನ್ನು ಅವರು ಗಮನಿಸಿದರು. ಹೊಸ ಜಾಗದಲ್ಲೂ ಸುತ್ತಲಿನ ಸನ್ನಿವೇಶ ಮೊದಲಿನಂತೆಯೇ ಇದ್ದಾಗ ಹಳೆಯ ಅಭ್ಯಾಸ ಉಳಿಯಿತು. ಸನ್ನಿವೇಶ ಬದಲಾದಾಗ ಸಡಿಲವಾಯಿತು.

ವಿದೇಶಕ್ಕೆ ಹೋದವರಲ್ಲಿ ಆಗುವುದೂ ಇದೇ. ಮನೆ ಮುಂದೆಯೇ ಸೈಕಲ್ ದಾರಿ ಇರುವ ಊರಿಗೆ ಹೋದವರು ಸೈಕಲ್ ಹತ್ತುತ್ತಾರೆ. ಬೇಸಿಗೆಯಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುವ ಕಡೆ ಸಂಜೆ ಓಡಲು ಹೊರಡುತ್ತಾರೆ. ಅದೇ ವ್ಯಕ್ತಿ ಮೈಸೂರಿಗೆ ವಾಪಸ್ ಬಂದಾಗ ಸೈಕಲ್ ಮೂಲೆ ಸೇರಬಹುದು. ಅಲ್ಲಿ ಸೈಕಲ್ ತುಳಿದದ್ದು ಶೋಕಿ ಅಲ್ಲ, ಇಲ್ಲಿ ಬಿಟ್ಟದ್ದು ಸೋಮಾರಿತನವೂ ಅಲ್ಲ.

ಹಳೆಯ ಹವ್ಯಾಸ ಸತ್ತೇಹೋಗುತ್ತದಾ?

ಇಲ್ಲ. ಜೊತೆಗಾರರು ಸಿಕ್ಕರೆ ಅದು ಇನ್ನೂ ಗಟ್ಟಿಯಾಗಬಹುದು. 2024ರ ಜೂನ್ 6ರಂದು ಟಿ20 ವಿಶ್ವಕಪ್‌ನಲ್ಲಿ ಅಮೆರಿಕ ತಂಡ ಪಾಕಿಸ್ತಾನವನ್ನು ಸೂಪರ್ ಓವರ್‌ನಲ್ಲಿ ಸೋಲಿಸಿದ್ದು ನೆನಪಿದೆಯಲ್ಲ? ಅಂದು ಮೂರು ವಿಕೆಟ್ ಪಡೆದ ನೊಸ್ತುಶ್ ಕೆಂಜಿಗೆ ಹುಟ್ಟಿದ್ದು ಅಮೆರಿಕದ ಅಲಬಾಮಾದಲ್ಲಾದರೂ ಬೆಳೆದದ್ದು, ಕ್ರಿಕೆಟ್ ಕಲಿತದ್ದು ನಮ್ಮ ಕರ್ನಾಟಕದಲ್ಲಿ. ಓದು ಮುಗಿಸಿ ಕೆಲಸಕ್ಕೆಂದು ಮತ್ತೆ ಅಮೆರಿಕಕ್ಕೆ ಹೋದರು. ಕ್ರಿಕೆಟ್ಟೇ ಗೊತ್ತಿಲ್ಲದ ದೇಶ ಎನಿಸಿದರೂ ಅಲ್ಲಿ ವಲಸಿಗರು ಕಟ್ಟಿಕೊಂಡ ಕ್ಲಬ್‌ಗಳಿದ್ದವು. ಹವ್ಯಾಸಕ್ಕೆ ಅಷ್ಟು ನೆಲೆ ಸಾಕಾಯಿತು.

21 ದಿನದ ಕಥೆ ಏನು?

ಇದರ ಮೂಲ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದ ಪುಸ್ತಕ. ಶಸ್ತ್ರಚಿಕಿತ್ಸೆಯ ನಂತರ ಹೊಸ ಮುಖಕ್ಕೆ ಹೊಂದಿಕೊಳ್ಳಲು ರೋಗಿಗಳಿಗೆ ಕನಿಷ್ಠ 21 ದಿನವಾದರೂ ಬೇಕು ಎಂದು ಅವರು ಬರೆದಿದ್ದರು. ಬಾಯಿಂದ ಬಾಯಿಗೆ ದಾಟುತ್ತಾ ಆ ಕನಿಷ್ಠ ಎಂಬ ಮಾತು ಬಿದ್ದುಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2009ರಲ್ಲಿ 96 ಜನರ ಮೇಲಿನ ಅಧ್ಯಯನ ಪ್ರಕಟಿಸಿದರು. ಹೊಸ ಅಭ್ಯಾಸ ಮೈಗೂಡಲು ಸರಾಸರಿ 66 ದಿನ ಬೇಕಾಯಿತು. ವ್ಯಕ್ತಿ ಮತ್ತು ಅಭ್ಯಾಸಕ್ಕೆ ತಕ್ಕಂತೆ ಇದು 18ರಿಂದ 254 ದಿನಗಳವರೆಗೆ ಇತ್ತು.

ಆರೋಗ್ಯಕ್ಕೂ ಇದಕ್ಕೂ ಏನು ಸಂಬಂಧ?

1960ರ ದಶಕದಲ್ಲಿ ಶುರುವಾದ ಒಂದು ದೊಡ್ಡ ಅಧ್ಯಯನ ಜಪಾನಿ ಮೂಲದ ಪುರುಷರನ್ನು ಮೂರು ಕಡೆ ಹೋಲಿಸಿತು. ಜಪಾನಿನಲ್ಲೇ ಉಳಿದವರಲ್ಲಿ ಹೃದಯದ ಕಾಯಿಲೆ ಕಡಿಮೆ, ಹವಾಯಿಯಲ್ಲಿದ್ದವರಲ್ಲಿ ಹೆಚ್ಚು, ಕ್ಯಾಲಿಫೋರ್ನಿಯಾದವರಲ್ಲಿ ಇನ್ನೂ ಹೆಚ್ಚು. ಎಲ್ಲರೂ ಒಂದೇ ಮೂಲದವರು, ಬದುಕುವ ರೀತಿ ಮಾತ್ರ ಬೇರೆ. ಕ್ಯಾಲಿಫೋರ್ನಿಯಾದಲ್ಲಿದ್ದೂ ತಮ್ಮ ಸಮುದಾಯ, ಸಂಪ್ರದಾಯಗಳ ನಂಟು ಬಿಡದವರಲ್ಲಿ ಕಾಯಿಲೆಯ ಪ್ರಮಾಣ ಜಪಾನಿನಷ್ಟೇ ಕಡಿಮೆ ಇತ್ತು ಎಂದು ಮೈಕಲ್ ಮಾರ್ಮೊಟ್ ಮತ್ತು ಲಿಯೊನಾರ್ಡ್ ಸೈಮ್ 1976ರಲ್ಲಿ ವರದಿ ಮಾಡಿದರು.

ಮಕ್ಕಳ ಮನೆಗೆ ಹೋಗುವ ಅಪ್ಪ ಅಮ್ಮಂದಿರೇ, ಗಮನಿಸಿ

ವಿಸಿಟರ್ ವೀಸಾದಲ್ಲಿ ಅಮೆರಿಕಕ್ಕೆ ಹೋದವರು ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಬಹುದು. ಅಂಗಡಿಗೂ ಕಾರೇ ಬೇಕಾದ ಬಡಾವಣೆಯಾದರೆ ಹೂಟಗಳ್ಳಿಯ ಬೆಳಗಿನ ಸುತ್ತು ತಾನಾಗಿಯೇ ನಿಂತುಹೋಗುತ್ತದೆ. ಸಕ್ಕರೆ ಕಾಯಿಲೆ, ಬಿಪಿ ಇರುವವರಿಗೆ ಇದು ಸಣ್ಣ ವಿಷಯವಲ್ಲ.

* ತಲುಪಿದ ಮೊದಲ ವಾರದಲ್ಲೇ ಮಕ್ಕಳ ಜೊತೆ ಹೋಗಿ ನಡೆಯಲು ಸುರಕ್ಷಿತವಾದ ಒಂದು ದಾರಿ ಗೊತ್ತುಮಾಡಿಕೊಳ್ಳಿ.
* ವಾಕಿಂಗನ್ನು ಅಲ್ಲೂ ತಪ್ಪದ ಒಂದು ಕೆಲಸಕ್ಕೆ ಗಂಟು ಹಾಕಿ. ಬೆಳಗಿನ ಕಾಫಿ ಆದ ಕೂಡಲೇ ಶೂ ಹಾಕುವುದು ಒಂದು ದಾರಿ.
* ಅಮೆರಿಕದ ಮುಖ್ಯ ಭೂಭಾಗಕ್ಕೂ ನಮಗೂ ಒಂಬತ್ತೂವರೆಯಿಂದ ಹದಿಮೂರೂವರೆ ಗಂಟೆ ವ್ಯತ್ಯಾಸವಿದೆ. ಮಾತ್ರೆ, ಇನ್ಸುಲಿನ್ ಸಮಯವನ್ನು ನೀವೇ ಲೆಕ್ಕ ಹಾಕಬೇಡಿ. ಹೊರಡುವ ಮುನ್ನ ವೈದ್ಯರಿಂದ ಬರೆಸಿಕೊಳ್ಳಿ.
* ಹತ್ತಿರದಲ್ಲಿ ಕನ್ನಡ ಸಂಘವಿದ್ದರೆ ವಿಚಾರಿಸಿ. ಮಾತಿಗೆ ಜನ ಸಿಕ್ಕರೆ ನಡೆಯಲೂ ಜೊತೆ ಸಿಗುತ್ತದೆ.

ಕೊನೆಯ ಮಾತು

ವಿದೇಶಕ್ಕೆ ಹೋದವರು ಬದಲಾಗುತ್ತಾರೆ ಎಂಬುದು ಅರ್ಧ ಸತ್ಯ. ಮೊದಲು ಬದಲಾಗುವುದು ಅವರ ಸುತ್ತಲಿನ ದಾರಿ, ಬೆಳಕು, ಜನ. ಹವ್ಯಾಸ ಅದರ ಹಿಂದೆ ಹೋಗುತ್ತದೆ. ಆದ್ದರಿಂದ ಮುಂದಿನ ವಿಡಿಯೊ ಕಾಲ್‌ನಲ್ಲಿ ಊಟ ಆಯ್ತಾ ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಸೇರಿಸಿ: ರಜೆ ದಿನ ಏನು ಮಾಡ್ತೀಯ, ಯಾರ ಜೊತೆ? ಜೊತೆಗೆ ಯಾರೂ ಇಲ್ಲ ಎಂಬ ಉತ್ತರ ಬಂದರೆ, ನಿಜವಾಗಿ ಯೋಚಿಸಬೇಕಾದದ್ದು ಅದರ ಬಗ್ಗೆ.