ನಮ್ಮ ಹುಳುವಿಗೆ ಜ್ವರ, ಅವರ ಹುಳುವಿಗೆ ನಿದ್ರೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ರೇಷ್ಮೆ ಬೆಳೆಗಾರನಿಗೆ ಚೀನಾ ಎಂಬುದು ಬಹುಕಾಲದಿಂದಲೂ ಒಂದು ದರದ ಹೆಸರು. ಹಿಂದೂಪುರಕ್ಕೋ ರಾಮನಗರಕ್ಕೋ ಗೂಡು ಕೊಂಡೊಯ್ದು, ಹರಾಜು ಇಳಿದ ದಿನ ಬರಿಗೈಯಲ್ಲಿ ಹಿಂದಿರುಗಿದವನು ಅದಕ್ಕೆ ಕಾರಣವಾಗಿ ಕೇಳಿದ ಮಾತು ಚೀನಾ ರೇಷ್ಮೆ. 2011ರ ಕೇಂದ್ರ ಮುಂಗಡಪತ್ರವು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದ ಮೇಲಂತೂ ಆ ಹೆಸರು ಇನ್ನಷ್ಟು ಕಹಿಯಾಯಿತು. ಆದರೆ ಹುಳು ಮೇಯಿಸುವ ಚೀನೀ ಹೆಂಗಸು ತನ್ನ ಹುಳುವನ್ನು ಏನೆಂದು ಕರೆಯುತ್ತಾಳೆ, ಅದಕ್ಕಾಗಿ ಯಾವ ದೇವತೆಯನ್ನು ಪೂಜಿಸುತ್ತಾಳೆ ಎಂಬುದನ್ನು ಅರಿಯುವ ದಾರಿ ನಮ್ಮವರಿಗೆ ಇದ್ದಿಲ್ಲ. ಆ ದಾರಿ ಈಗ ಪ್ರತಿಯೊಬ್ಬರ ಕೈಯಲ್ಲಿರುವ ಫೋನಿನಲ್ಲಿ ತೆರೆದಿದೆ.

ಪರಭಾಷೆಯನ್ನು ಕಲಿಸಲೆಂದೇ ತಯಾರಾದ ಪಾಠಗಳು ಸಾಮಾನ್ಯವಾಗಿ ವಿಮಾನ ನಿಲ್ದಾಣದಿಂದಲೋ ಹೋಟೆಲಿನಿಂದಲೋ ಆರಂಭವಾಗುತ್ತವೆ. ಅವುಗಳಿಗೆ ಪ್ರಯೋಜನವಿಲ್ಲವೆಂದು ನಾನು ಹೇಳಲಾರೆ. ಆದರೆ ಚೀನೀಯರು ತಮ್ಮ ಜನಕ್ಕಾಗಿಯೇ ತೆಗೆದ ಚಿತ್ರಗಳಲ್ಲಿ, ನೋಡುವವನು ಸ್ವತಃ ಬಲ್ಲ ಕಸುಬೊಂದು ಕಾಣಿಸಿಕೊಂಡಾಗ, ಮಾತು ಅರ್ಥವಾಗುವ ಮೊದಲೇ ಕೆಲಸ ಅರ್ಥವಾಗಿರುತ್ತದೆ. ಕಣ್ಣು ಮುಂದೆ ನಡೆದು ಕಿವಿಯನ್ನು ಕೈಹಿಡಿದು ಕರೆದೊಯ್ಯುತ್ತದೆ. ಆದುದರಿಂದ ಹಳ್ಳಿಗಾಡಿನ ನಮ್ಮವರು ಚೀನೀ ಭಾಷೆಯನ್ನು ತಮ್ಮ ಕಸುಬಿನ ವಿಡಿಯೋಗಳಿಂದಲೇ ಆರಂಭಿಸತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ.

ರೇಷ್ಮೆಯನ್ನೇ ತೆಗೆದುಕೊಳ್ಳೋಣ. ಹುಳು ಮೇವು ಬಿಟ್ಟು, ತಲೆಯೆತ್ತಿ ನಿಶ್ಚಲವಾಗಿ ಕುಳಿತು ಪೊರೆ ಕಳಚುವ ಅವಸ್ಥೆಯನ್ನು ನಾವು ಜ್ವರವೆನ್ನುತ್ತೇವೆ. ಒಂದನೆಯ ಜ್ವರ, ಎರಡನೆಯ ಜ್ವರ, ಹೀಗೆ ನಾಲ್ಕು. ಚೀನೀಯರೂ ನಾಲ್ಕನ್ನೇ ಎಣಿಸುತ್ತಾರೆ, ಆದರೆ ಅವರು ಅದನ್ನು 'ಮ್ಯೆನ್' ಎಂದು, ಅಂದರೆ ನಿದ್ರೆಯೆಂದು ಕರೆಯುತ್ತಾರೆ. ಒಂದೇ ಹುಳು, ಒಂದೇ ಅವಸ್ಥೆ. ಅದನ್ನು ಕಂಡು ನಮ್ಮ ತಾಯಂದಿರಿಗೆ ಕಾಯಿಲೆಯ ಮಗು ನೆನಪಾಯಿತು, ಅವರ ತಾಯಂದಿರಿಗೆ ಮಲಗಿದ ಮಗು ನೆನಪಾಯಿತು. ಮಗುವೆಂಬುದು ನನ್ನ ಅಲಂಕಾರವಲ್ಲ. ಅಲ್ಲಿಯ ಹಳ್ಳಿಗರು ಅದನ್ನು 'ತ್ಸಾನ್ ಪಾವ್ ಪಾವ್', ರೇಷ್ಮೆಹುಳುವಿನ ಕಂದ ಎಂದೇ ಮುದ್ದಿಸುವುದುಂಟು. ಇನ್ನು ಮೇವು ಮುಗಿಸಿ ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ನಾವು ಹಣ್ಣಾಯಿತೆನ್ನುತ್ತೇವೆ; ಅವರು 'ಷು ತ್ಸಾನ್', ಮಾಗಿದ ಹುಳು ಎನ್ನುತ್ತಾರೆ. ಇಲ್ಲಿ ಎರಡು ನುಡಿಗಳೂ ಒಂದಾದುವು. ನಾವು ಚಂದ್ರಿಕೆಗೆ ಬಿಟ್ಟ ಹುಳು ಅವರಲ್ಲಿ 'ಷಾಂಗ್ ಷಾನ್', ಬೆಟ್ಟವೇರಿತು. ಲಿಪಿಯಲ್ಲಿಯೂ ಒಂದು ಸೊಗಸುಂಟು: ಇಂದಿನ ಚೀನೀ ಬರಹದಲ್ಲಿ ರೇಷ್ಮೆಹುಳುವಿನ ಅಕ್ಷರವು ಮೇಲೆ ಆಕಾಶ, ಕೆಳಗೆ ಹುಳು ಎಂಬ ಎರಡು ಚಿಹ್ನೆಗಳಿಂದ ಕೂಡಿದೆ. ಹುಳುಮನೆಯಲ್ಲಿ ಬೆಳೆದ ಹುಡುಗಿ ಈ ಅಕ್ಷರವನ್ನು ಒಮ್ಮೆ ಕಂಡರೆ ಮರೆಯಲಾರಳು.

ಪದಗಳ ಹಿಂದೆ ಆಚಾರವೂ ಬರುತ್ತದೆ. ಹುಳು ಮೇಯುವಾಗ ನಮ್ಮಲ್ಲಿ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಚೀನಾದ ರೇಷ್ಮೆ ಸೀಮೆಯಲ್ಲಿಯೂ ಆ ತಿಂಗಳಲ್ಲಿ ಮನೆಗಳ ಬಾಗಿಲು ಮುಚ್ಚಿ, ನೆಂಟರಿಷ್ಟರೂ ಪರಸ್ಪರ ಹೋಗಿಬರುವುದನ್ನು ನಿಲ್ಲಿಸುವ ಪದ್ಧತಿಯಿತ್ತು. ಸೋಂಕಿನ ಭಯವು ಎರಡು ನಾಡುಗಳಿಗೂ ಒಂದೇ ಶೀಲವನ್ನು ಕಲಿಸಿತು. ಚೀನಾದ ಹೂಜೌ ಸೀಮೆಯಲ್ಲಿ ಏಪ್ರಿಲ್ ಆರಂಭದ ಚಿಂಗ್‌ಮಿಂಗ್ ಹಬ್ಬದ ಸುಮಾರಿಗೆ ರೇಷ್ಮೆಯ ದೇವಿಗೆ ಪೂಜೆ ಸಲ್ಲುತ್ತದೆ. ಯುನೆಸ್ಕೋ ಸಂಸ್ಥೆಯು 2009ರಲ್ಲಿ ಚೀನಾದ ರೇಷ್ಮೆ ಸಾಕಣೆ ಮತ್ತು ನೇಯ್ಗೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಕೌಟಿಲ್ಯನ ಅರ್ಥಶಾಸ್ತ್ರವು 'ಚೀನಪಟ್ಟ'ವನ್ನೂ ಕಾಳಿದಾಸನ ಶಾಕುಂತಲವು 'ಚೀನಾಂಶುಕ'ವನ್ನೂ ಹೆಸರಿಸಿದ ಕಾಲದಿಂದ ನಾವು ಬಟ್ಟೆಯನ್ನು ಬಲ್ಲೆವು. ನೇಯ್ದವರ ಮಾತನ್ನು ಈಗಷ್ಟೇ ಕೇಳತೊಡಗಿದ್ದೇವೆ.

ರೇಷ್ಮೆಯಿಲ್ಲದವರಿಗೆ ಕಡಲೆಕಾಯಿಯಿದೆ. ಚೀನೀ ಭಾಷೆಯಲ್ಲಿ ಅದರ ಪೂರ್ಣನಾಮದ ಅರ್ಥ 'ಉದುರಿದ ಹೂವಿನಿಂದ ಹುಟ್ಟಿದ್ದು'. ಹಳದಿ ಹೂವು ಬಾಡಿದ ಬಳಿಕ ಅದರ ಬುಡದ ಎಳೆ ಮಣ್ಣಿಗಿಳಿದು ಕಾಯಿ ಕಟ್ಟುವುದನ್ನು ಪಾವಗಡದ ಹೊಲಗಳಲ್ಲಿ ಕಂಡವನಿಗೆ ಈ ಹೆಸರನ್ನು ವಿವರಿಸಬೇಕಾದುದೇ ಇಲ್ಲ. ನವಣೆಗೆ ಅವರ ಹೆಸರು 'ಶಿಯಾವೊ ಮಿ', ಕಿರಿಯ ಅಕ್ಕಿ. ಉತ್ತರ ಚೀನಾದಲ್ಲಿ ಸುಮಾರು 8000 ವರ್ಷಗಳ ಹಿಂದೆಯೇ ಬೇಸಾಯಕ್ಕೆ ಬಂದ ಧಾನ್ಯವದು. ಶಿಯೋಮಿ ಫೋನನ್ನು ಜೇಬಿನಲ್ಲಿಟ್ಟು ತಿರುಗುವ ನಮ್ಮ ಯುವಕರು ಹೊತ್ತಿರುವುದು ನವಣೆಯ ಹೆಸರನ್ನು.

ಉಚ್ಚಾರಣೆಯಲ್ಲಿ ಕನ್ನಡಿಗನಿಗೆ ಒಂದು ಅನುಕೂಲವುಂಟು. ಚೀನೀ ಭಾಷೆಯು ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತದೆ. ಪ ಮತ್ತು ಫ, ತ ಮತ್ತು ಥ, ಕ ಮತ್ತು ಖ ಇವುಗಳನ್ನು ನಮ್ಮ ವರ್ಣಮಾಲೆ ಬೇರೆ ಬೇರೆಯಾಗಿಯೇ ಇರಿಸಿದೆ. ಬೀಜಿಂಗ್ ಎಂದು ನಾವು ಓದುವ ನಗರ ಅವರ ಬಾಯಲ್ಲಿ 'ಪೇ ಚಿಂಗ್'ಗೆ ಸಮೀಪ. ಕಷ್ಟವಿರುವುದು ಸ್ವರದ ಏರಿಳಿತದಲ್ಲಿ. ಸಮವಾಗಿ ಎತ್ತರದಲ್ಲಿ ನುಡಿದರೆ ರೇಷ್ಮೆಯೆಂದಾಗುವ ಶಬ್ದವೇ ತಗ್ಗಿ ಏರಿದರೆ ಸಾವೆಂದೂ, ಮೇಲಿನಿಂದ ಬಿದ್ದರೆ ನಾಲ್ಕೆಂದೂ ಆಗುತ್ತದೆ. ಸ್ವರ ತಪ್ಪಿ 'ಇಂದ್ರಶತ್ರು' ಎಂಬ ಪದದ ಅರ್ಥವೇ ತಿರುಗಿ ವೃತ್ರನು ಹತನಾದ ಕಥೆಯನ್ನು ಕೇಳಿ ಬೆಳೆದ ನಮಗೆ ಈ ಎಚ್ಚರ ಹೊಸದಲ್ಲ.

2020ರ ಜೂನ್‌ನಲ್ಲಿ ಭಾರತ ಸರ್ಕಾರ ಚೀನಾದ 59 ಆ್ಯಪ್‌ಗಳನ್ನು ನಿಷೇಧಿಸಿತಾದ್ದರಿಂದ ಇಂಥ ಚಿತ್ರಗಳನ್ನು ಯೂಟ್ಯೂಬಿನಲ್ಲಿ ಹುಡುಕುವುದು ಸುಲಭ. ಸಿಚುವಾನಿನ ಲಿ ತ್ಸಿಚಿ ಎಂಬಾಕೆಯ ಗ್ರಾಮಜೀವನದ ವಿಡಿಯೋಗಳು ಲೋಕಪ್ರಸಿದ್ಧ. ಆದರೆ ಅವುಗಳಲ್ಲಿ ಮಾತು ಅತಿ ವಿರಳ, ದುಡಿಮೆಯ ಬೆವರೂ ವಿರಳ. ಕಣ್ಣಿಗೆ ಹಬ್ಬವಾದರೂ ಕಿವಿ ಬರಿದಾಗಿಯೇ ಉಳಿಯುತ್ತದೆ. ಅವಕ್ಕಿಂತ ಚೀನಾದ ಕೇಂದ್ರ ದೂರದರ್ಶನವು 2012ರಲ್ಲಿ ಪ್ರಸಾರ ಮಾಡಿದ, ಊಟವನ್ನೂ ಅದನ್ನು ದುಡಿದು ತರುವವರನ್ನೂ ತೋರಿಸುವ ಸಾಕ್ಷ್ಯಚಿತ್ರ ಸರಣಿಯನ್ನು ನಾನು ಮೇಲೆಂದು ಎಣಿಸುತ್ತೇನೆ. ಪ್ರಾಂತದಿಂದ ಪ್ರಾಂತಕ್ಕೆ ಆಡುಮಾತು ಬೇರೆಯಾಗುವುದರಿಂದ ಅಲ್ಲಿಯ ಕಾರ್ಯಕ್ರಮಗಳ ಅಡಿಯಲ್ಲಿ ಚೀನೀ ಅಕ್ಷರಗಳು ಸಾಮಾನ್ಯವಾಗಿ ಓಡುತ್ತಿರುತ್ತವೆ. ನಿರೂಪಕನದು ಶಿಷ್ಟಭಾಷೆ, ಹಳ್ಳಿಯ ಅಜ್ಜಿಯದು ಬೇರೊಂದು ನುಡಿ. ಈ ಭೇದ ತಿಳಿಯದೆ ಕಲಿಯುವವನು ತನ್ನ ಕಿವಿಯನ್ನೇ ದೂಷಿಸಿಕೊಂಡಾನು. ಎರಡು ಮೂರು ನಿಮಿಷದ ತುಣುಕನ್ನು ಮೊದಲು ಶಬ್ದವಿಲ್ಲದೆ, ಆಮೇಲೆ ಶಬ್ದದೊಡನೆ, ಕೊನೆಗೆ ಅಕ್ಷರಗಳೊಡನೆ, ಅದೇ ತುಣುಕನ್ನೇ ಹಲವು ದಿನ ನೋಡುವುದು ನಾನು ಅನುಸರಿಸುವ ಕ್ರಮ.

ಕನ್ನಡ ಇಂದಿಗೂ ಕೇಳಿಬರುವ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟ್ನೀಸರು 1938ರಲ್ಲಿ ಐವರು ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋಗಿ, ಯುದ್ಧದ ಗಾಯಾಳುಗಳ ನಡುವೆ ಇದ್ದುಕೊಂಡೇ ಅವರ ಭಾಷೆಯನ್ನು ಕಲಿತು, 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಮಗನ ಹೆಸರಿನ ಎರಡು ಅಕ್ಷರಗಳಿಗೆ ಭಾರತ, ಚೀನಾ ಎಂದೇ ಅರ್ಥ. ಕೆಲಸದ ನಡುವೆ ಕಿವಿಗೆ ಬಿದ್ದ ಮಾತನ್ನೇ ಅವರು ಪಾಠವಾಗಿ ಮಾಡಿಕೊಂಡರು. ಅಷ್ಟು ದೂರ ಹೋಗಬೇಕಾದ ನಿರ್ಬಂಧ ನಮಗಿಲ್ಲ.

ಮುಂದಿನ ಬೆಳೆಗೆ ಚಾಕಿ ತಂದ ದಿನ, ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಂಥ ಒಂದು ವಿಡಿಯೋವನ್ನು ಹಾಕಿರಿ; ಹುಳು ಹಣ್ಣಾಗಿ ಚಂದ್ರಿಕೆಗೆ ಏರುವವರೆಗೆ ದಿನಕ್ಕೊಂದು ಪದವನ್ನು ಅವರ ಬಾಯಿಂದಲೇ ಹೇಳಿಸಿರಿ.