ಬೆದರಿಸುವವನ ಬಂಡವಾಳ ಮಗುವಿನ ಮೌನ

ಆನ್‌ಲೈನ್ ಆಟದಲ್ಲೋ ಇನ್‌ಸ್ಟಾಗ್ರಾಂನಲ್ಲೋ ಹದಿನೈದರ ಹುಡುಗನಿಗೆ ಹೊಸ ಗೆಳತಿಯೊಬ್ಬಳು ಸಿಗುತ್ತಾಳೆ. ಅವನದೇ ವಯಸ್ಸು, ಅವನದೇ ಅಭಿರುಚಿ. ಎರಡು ಮೂರು ದಿನಗಳಲ್ಲಿ ಮಾತುಕತೆ ವಾಟ್ಸ್‌ಆ್ಯಪ್‌ಗೆ ಸಾಗುತ್ತದೆ. ಆಕೆ ತನ್ನದೆಂದು ಒಂದು ಖಾಸಗಿ ಚಿತ್ರ ಕಳುಹಿಸಿ, ಪ್ರತಿಯಾಗಿ ಅವನದನ್ನು ಕೇಳುತ್ತಾಳೆ. ಅದು ತಲುಪಿದ ಮರುಗಳಿಗೆಯೇ ಧಾಟಿ ಬದಲಾಗುತ್ತದೆ: ಹಣ ಕೊಡು, ಇಲ್ಲವಾದರೆ ಈ ಚಿತ್ರ ನಿನ್ನ ತಂದೆಗೂ ಶಾಲೆಯ ಗೆಳೆಯರಿಗೂ ಹೋಗುತ್ತದೆ!

ಆ ತುದಿಯಲ್ಲಿರುವುದು ಹುಡುಗಿಯಲ್ಲ. ಬೆದರಿಸಿ ಹಣ ಕೀಳುವುದನ್ನೇ ಕಸುಬು ಮಾಡಿಕೊಂಡ ವಂಚಕ. ಹೆಣ್ಣುಮಕ್ಕಳಿಗೆ ಒಡ್ಡುವ ಬಲೆಯೂ ಇದೇ ಬಗೆಯದು. ಅಲ್ಲಿ ಹಣದ ಬದಲು ಇನ್ನಷ್ಟು ಚಿತ್ರಗಳಿಗೆ ಬೇಡಿಕೆ ಬರುವುದುಂಟು. ಈಗಂತೂ ಮಗು ಏನನ್ನೂ ಕಳುಹಿಸಬೇಕಾಗಿಲ್ಲ. ಖಾತೆಯಲ್ಲಿರುವ ಸಾಮಾನ್ಯ ಭಾವಚಿತ್ರದಿಂದಲೇ ಕೃತಕ ಬುದ್ಧಿಮತ್ತೆಯ ನೆರವಿನಿಂದ ನಕಲಿ ನಗ್ನಚಿತ್ರ ಸೃಷ್ಟಿಸಿ ಬೆದರಿಸುವವರಿದ್ದಾರೆ.

ಇವರ ನಿಜವಾದ ಬಂಡವಾಳ ಚಿತ್ರವಲ್ಲ, ‘ಮನೆಯಲ್ಲಿ ತಿಳಿದರೆ ಗತಿಯೇನು’ ಎಂಬ ಮಗುವಿನ ಅಂಜಿಕೆ. ಈ ಅಂಜಿಕೆಯಲ್ಲಿ ಪ್ರಾಣವನ್ನೇ ಕಳೆದುಕೊಂಡ ಹದಿಹರೆಯದವರ ಪ್ರಕರಣಗಳು ಹಲವು ದೇಶಗಳಲ್ಲಿ ವರದಿಯಾಗಿವೆ. ಆದ್ದರಿಂದ ಪಾಲಕರ ಮೊದಲ ಕೆಲಸ ಫೋನಿನಲ್ಲಿಲ್ಲ, ಮಾತಿನಲ್ಲಿದೆ. ‘ಏನೇ ಆದರೂ ನಮಗೆ ಹೇಳು, ಬೈಯುವುದಿಲ್ಲ, ಫೋನ್ ಕಸಿದುಕೊಳ್ಳುವುದಿಲ್ಲ’ ಎಂದು ಮೊದಲೇ ಬಾಯಿಬಿಟ್ಟು ಹೇಳಿರಬೇಕು. ನೆಗಡಿ ಬಂತೆಂದು ಮೂಗು ಕೊಯ್ಯುವ ಮನೆಯಲ್ಲಿ ಮಕ್ಕಳು ನೆಗಡಿಯನ್ನೇ ಮುಚ್ಚಿಡುತ್ತಾರೆ.

ಬೆದರಿಕೆ ಬಂದಾಗ

ಹಣ ಕೊಡಬಾರದು, ಒಮ್ಮೆ ಕೊಟ್ಟವರನ್ನು ಮತ್ತೆ ಮತ್ತೆ ಕೇಳುತ್ತಾರೆ. ಸಂದೇಶಗಳನ್ನು ಅಳಿಸಬಾರದು. ಖಾತೆಯ ಹೆಸರು, ಸಂಖ್ಯೆ, ದಿನಾಂಕ, ವೇಳೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಆಮೇಲೆ ಆ ಖಾತೆಯನ್ನು ಬ್ಲಾಕ್ ಮಾಡಬೇಕು. ಮಗುವಿನ ಚಿತ್ರವನ್ನು ಮಾತ್ರ ಸಲಹೆ ಕೇಳುವ ನೆಪದಲ್ಲೂ ಯಾರಿಗೂ ರವಾನಿಸಬಾರದು. ಮಕ್ಕಳ ಅಶ್ಲೀಲ ಚಿತ್ರ ರವಾನೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ.

ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಮಕ್ಕಳ ಸಹಾಯವಾಣಿ 1098 ದಿನದ 24 ಗಂಟೆಯೂ ಲಭ್ಯ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಜಾಲತಾಣದಲ್ಲಿ ಮಕ್ಕಳ ಕುರಿತ ಇಂಥ ದೂರನ್ನು ಹೆಸರು ಹೇಳದೆಯೂ ಸಲ್ಲಿಸಬಹುದು.

ಪೊಲೀಸರೆಂದರೆ ಮರ್ಯಾದೆ ಹೋಯಿತು ಎಂದು ಹಿಂಜರಿಯುವ ಕುಟುಂಬಗಳು ಒಂದು ಸಂಗತಿ ತಿಳಿದಿರಬೇಕು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ನಗ್ನಚಿತ್ರ ಬಳಸುವುದಾಗಿ ಬೆದರಿಸುವುದೇ ಅಪರಾಧ, ಚಿತ್ರ ನಿಜವಾಗಿರಲಿ, ಕೃತಕವಾಗಿರಲಿ. ಹೇಳಿಕೆಯನ್ನು ಮಗುವಿನ ಮನೆಯಲ್ಲೇ ಅಥವಾ ಮಗು ಬಯಸಿದ ಕಡೆ ಪಡೆಯಬೇಕು. ಆಗ ಅಧಿಕಾರಿ ಸಮವಸ್ತ್ರದಲ್ಲಿರುವಂತಿಲ್ಲ. ಮಾಧ್ಯಮಗಳು ಮಗುವಿನ ಗುರುತು ಪ್ರಕಟಿಸುವಂತಿಲ್ಲ.

ಚಿತ್ರಕ್ಕೂ ಬೆರಳಚ್ಚು

ಹರಡುವ ಚಿತ್ರವನ್ನು ತಡೆಯಲು ವಿಜ್ಞಾನವೂ ನೆರವಾಗಿದೆ. ಪ್ರತಿ ಡಿಜಿಟಲ್ ಚಿತ್ರವೂ ಅಂಕಿಗಳ ಸರಣಿ. ಅದನ್ನು ಗಣಿತದ ಸೂತ್ರಕ್ಕೆ ಒಳಪಡಿಸಿದರೆ ‘ಹ್ಯಾಷ್’ ಎಂಬ ಚಿಕ್ಕ ಗುರುತು ದೊರೆಯುತ್ತದೆ. ಇದನ್ನು ಚಿತ್ರದ ಬೆರಳಚ್ಚು ಎನ್ನಬಹುದು. ಬೆರಳಚ್ಚು ನೋಡಿ ಮನುಷ್ಯನ ಮುಖ ತಿಳಿಯದಂತೆ, ಹ್ಯಾಷ್ ನೋಡಿದವರಿಗೆ ಚಿತ್ರ ಕಾಣದು. ಅಮೆರಿಕದ ಕಾಣೆಯಾದ ಮತ್ತು ಶೋಷಿತ ಮಕ್ಕಳ ರಾಷ್ಟ್ರೀಯ ಕೇಂದ್ರವು 2023ರಲ್ಲಿ ಆರಂಭಿಸಿದ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯ ತಿರುಳು ಇದೇ. ಹ್ಯಾಷ್ ಸಿದ್ಧವಾಗುವುದು ಮಗುವಿನ ಫೋನಿನಲ್ಲೇ. ಚಿತ್ರ ಹೊರಗೆ ಹೋಗದು. ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಸಹಭಾಗಿ ಸಂಸ್ಥೆಗಳು ಅದೇ ಗುರುತಿನ ಚಿತ್ರವನ್ನು ಪತ್ತೆಹಚ್ಚಿ ತೆಗೆಯಬಲ್ಲವು. ಭಾರತದ ಮಕ್ಕಳೂ ಇದನ್ನು ಬಳಸಬಹುದು. ಆದರೆ ವಾಟ್ಸ್‌ಆ್ಯಪ್‌ನ ಗೂಢಲಿಪೀಕೃತ ಸಂಭಾಷಣೆಗಳಿಗೆ ಈ ತಡೆ ತಲುಪದು.

ಮುನ್ನೆಚ್ಚರಿಕೆಯಾಗಿ ಮಕ್ಕಳ ಖಾತೆಯಲ್ಲಿ ನಿಜವಾದ ಜನ್ಮವರ್ಷವೇ ಇದೆಯೇ ಎಂದು ಪಾಲಕರು ನೋಡಬೇಕು. 2025ರ ಫೆಬ್ರವರಿಯಿಂದ ಭಾರತದಲ್ಲೂ ಜಾರಿಗೆ ಬಂದ ಇನ್‌ಸ್ಟಾಗ್ರಾಂನ ಹದಿಹರೆಯದವರ ಖಾತೆ ತಾನಾಗಿಯೇ ಖಾಸಗಿಯಾಗಿದ್ದು, ಅಪರಿಚಿತರ ಸಂದೇಶಗಳನ್ನು ತಡೆಯುತ್ತದೆ. 16 ತುಂಬದವರು ಅದನ್ನು ಸಡಿಲಿಸಲು ಪಾಲಕರ ಒಪ್ಪಿಗೆ ಬೇಕು. ವಯಸ್ಸು ಹೆಚ್ಚಿಸಿ ಬರೆದಿದ್ದರೆ ಈ ಬೇಲಿ ಇದ್ದೂ ಇಲ್ಲದಂತೆ. ಎಲ್ಲ ಬೇಲಿಗಳನ್ನೂ ದಾಟಿ ಬೆದರಿಕೆ ಬಂದೀತು. ಆಗ ಮಗು ಮೊದಲು ಹುಡುಕಿಕೊಂಡು ಬರಬೇಕಾದ ಬಾಗಿಲು ಮನೆಯದೇ ಆಗಿರಬೇಕು.