ಸೂಪರ್‌ಮಾರ್ಕೆಟ್ ರ‍್ಯಾಪ್: ಪ್ಯಾಕೆಟ್ಟಿನ ಹಿಂಬದಿ ನೋಡಿ ಮಾತಾಡೋಣ

ಮಹಾಪೆ, ಐರೋಲಿಯ ಕಚೇರಿಗಳಿಗೂ ಥಾಣೆಯ ವಾಗ್ಳೆ ಎಸ್ಟೇಟಿಗೂ ಸ್ನ್ಯಾಕ್ಸ್ ಬಾಕ್ಸ್ ಕೊಡುವ ಸದಸ್ಯರಿಗೆ ಈಚೆಗೆ ಗ್ರಾಹಕರಿಂದ ಒಂದು ಮಾತು ಕೇಳಿಬರುತ್ತಿದೆ: "ಸೂಪರ್‌ಮಾರ್ಕೆಟ್‌ನಲ್ಲಿ ಪ್ಯಾಕ್ ಮಾಡಿದ ರ‍್ಯಾಪ್ ಸಿಗುತ್ತದೆ, ಅದರ ಮೇಲೆ ಮಲ್ಟಿಗ್ರೇನ್, ಹೈ ಪ್ರೋಟೀನ್ ಎಂದು ಬರೆದಿದೆ. ನಿಮ್ಮ ರೋಲ್‌ನಲ್ಲಿ ಏನಿದೆ?" ಇದಕ್ಕೆ "ನಮ್ಮದು ಮನೆ ರುಚಿ" ಎಂದರೆ ಆರ್ಡರ್ ಉಳಿಯುವುದಿಲ್ಲ. ಲೆಕ್ಕ ಕೊಡಬೇಕು. ಆ ಲೆಕ್ಕ ನಮಗೂ ಒಳ್ಳೆಯದು.

ಸುತ್ತಿ ತಿನ್ನುವುದು ನಮಗೇನೂ ಹೊಸದಲ್ಲ. ಊರಿನಲ್ಲಿ ಪತ್ರೊಡೆ, ಇಲ್ಲಿ ಅಳುವಡಿ. ಮುಂಬಯಿಯಲ್ಲಿ 1969ರಿಂದ ಫ್ರಾಂಕಿ ಇದೆ. ಹೊಸದು ಏನೆಂದರೆ, ಇದೇ ತಿಂಡಿ ಫ್ರಿಜ್ಜಿನ ಕಪಾಟು ಸೇರಿ ಆರೋಗ್ಯದ ಹೆಸರು ಪಡೆದದ್ದು.

ಪ್ಯಾಕೆಟ್ಟಿನ ಮುಂಬದಿಯನ್ನು ಬಿಟ್ಟು ಮಗುಚಿ ಓದಬೇಕು. ಬಳಸಿದ ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಮುಂದೆ ದೊಡ್ಡಕ್ಷರದಲ್ಲಿ ಮಲ್ಟಿಗ್ರೇನ್ ಎಂದಿದ್ದು, ಹಿಂದೆ ಮೊದಲ ಹೆಸರೇ "ರಿಫೈನ್ಡ್ ವೀಟ್ ಫ್ಲೋರ್" ಆಗಿದ್ದರೆ ಅದು ಮೈದಾ ರೋಲ್. ರಾಗಿ, ಜೋಳ, ಓಟ್ಸ್ ಬಣ್ಣಕ್ಕೆ ಮಾತ್ರ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಗೋಧಿ ಆಟಾದಲ್ಲಿ ನಾರಿನಂಶ ಸುಮಾರು 11 ಗ್ರಾಂ, ಮೈದಾದಲ್ಲಿ 3 ಗ್ರಾಂಗೂ ಕಡಿಮೆ. "ಹೈ ಫೈಬರ್" ಎಂದು ಹೇಳಿಕೊಳ್ಳಬೇಕಾದರೆ ಘನ ಆಹಾರದಲ್ಲಿ 100 ಗ್ರಾಂಗೆ ಕನಿಷ್ಠ 6 ಗ್ರಾಂ, ಇಲ್ಲವೇ 100 ಕಿಲೋ ಕ್ಯಾಲೊರಿಗೆ 3 ಗ್ರಾಂ ನಾರು ಇರಬೇಕು ಎಂದು ಎಫ್‌ಎಸ್‌ಎಸ್‌ಎಐನ 2018ರ ನಿಯಮ ಹೇಳುತ್ತದೆ. ಬರೇ "ಮಲ್ಟಿಗ್ರೇನ್" ಎಂಬ ಪದ ಅಂಥ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಎರಡನೆಯದು ತೂಕ. ಪೋಷಕಾಂಶದ ಪಟ್ಟಿ 100 ಗ್ರಾಂಗೆ ಇರುತ್ತದೆ, ಆದರೆ ಯಾರೂ 100 ಗ್ರಾಂ ತಿಂದು ಉಳಿದದ್ದನ್ನು ಎತ್ತಿಡುವುದಿಲ್ಲ. ಉದಾಹರಣೆಗೆ 100 ಗ್ರಾಂಗೆ 550 ಮಿಲಿಗ್ರಾಂ ಸೋಡಿಯಂ ಎಂದಿದ್ದು, ರ‍್ಯಾಪ್ 180 ಗ್ರಾಂ ತೂಗಿದರೆ ಒಂದರಲ್ಲಿ 990 ಮಿಲಿಗ್ರಾಂ ಆಯಿತು. ದಿನಕ್ಕೆ ಲೆಕ್ಕ ಹಿಡಿಯುವ ಮಿತಿ 2000 ಮಿಲಿಗ್ರಾಂ, ಅಂದರೆ 5 ಗ್ರಾಂ ಉಪ್ಪು. ಸಂಜೆಯ ಒಂದು ತಿಂಡಿಯಲ್ಲೇ ದಿನದ ಅರ್ಧ ಉಪ್ಪು ಮುಗಿಯಿತು. ಒಂದು ಸರ್ವಿಂಗ್ ಎಂದರೆ ಎಷ್ಟು ಎಂಬುದನ್ನೂ ನೋಡಿ. ಒಂದೇ ರ‍್ಯಾಪನ್ನು ಎರಡು ಸರ್ವಿಂಗ್ ಎಂದು ತೋರಿಸಿದ್ದರೆ ಅಲ್ಲಿನ ಅಂಕಿಗಳೆಲ್ಲ ಅರ್ಧಕ್ಕಿಳಿಯುತ್ತವೆ.

ಈಗ ನಮ್ಮ ಕಡೆಗೆ ಬರೋಣ. 100 ರೋಲ್‌ಗೆ 5 ಕಿಲೋ ಹಿಟ್ಟು ಕಲಸುತ್ತೇವೆಂದು ಇಟ್ಟುಕೊಳ್ಳಿ. ಅದಕ್ಕೆ 75 ಗ್ರಾಂ ಉಪ್ಪು. 8 ಕಿಲೋ ಪನೀರ್-ತರಕಾರಿ ಪಲ್ಯಕ್ಕೆ 80 ಗ್ರಾಂ. ಒಂದೂವರೆ ಕಿಲೋ ಸಾಸ್‌ನಲ್ಲಿ ಶೇ. 2.5ರಂತೆ ಸುಮಾರು 37 ಗ್ರಾಂ. ಒಟ್ಟು 192 ಗ್ರಾಂ, ರೋಲ್ ಒಂದಕ್ಕೆ 1.9 ಗ್ರಾಂ. ಮೇಲೆ ಉದುರಿಸುವ ಚಾಟ್ ಮಸಾಲೆ, ನಡುವೆ ಇಡುವ ಚೀಸ್ ಸ್ಲೈಸ್ ಇದರಲ್ಲಿ ಸೇರಿಲ್ಲ. ಅವು ಸೇರಿದರೆ ನಮ್ಮದೂ ಪ್ಯಾಕೆಟ್ಟಿನದೂ ಒಂದೇ. ಅಡುಗೆ ಭಟ್ಟರು ಉಪ್ಪನ್ನು ಕೈಯಳತೆಯಲ್ಲಿ, ಸಾಸನ್ನು ಬಾಟ್ಲಿ ಹಿಂಡಿ ಹಾಕುವ ತನಕ ಈ ಲೆಕ್ಕ ಯಾರಿಗೂ ಗೊತ್ತಾಗುವುದಿಲ್ಲ. ಹಿಟ್ಟಿನ ಉಪ್ಪನ್ನು 40 ಗ್ರಾಂಗೆ ಇಳಿಸಿ, ಪಲ್ಯಕ್ಕೆ 70 ಗ್ರಾಂ ಹಾಕಿ, ಸಾಸ್ ಅರ್ಧ ಮಾಡಿದರೆ ರೋಲ್‌ಗೆ 1.3 ಗ್ರಾಂ ಆಗುತ್ತದೆ. ಪುದೀನ, ನಿಂಬೆರಸ, ಹಸಿ ಈರುಳ್ಳಿ ಇದ್ದರೆ ರುಚಿಗೆ ಕೊರತೆ ಬಾರದು. ಮೇಯನೀಸ್ ಬದಲು ಗಟ್ಟಿ ಮೊಸರು ಹಾಕಿ ನೋಡಿ. ಮೇಯನೀಸ್‌ನಲ್ಲಿ ಬಹುಪಾಲು ಇರುವುದೇ ಎಣ್ಣೆ. ತವೆಯ ಮೇಲೆ ಬಿಡುವ ಎರಡು ಚಮಚ ಎಣ್ಣೆಯಿಂದಲೇ ರೋಲ್‌ಗೆ 90 ಕ್ಯಾಲೊರಿ ಕೂಡುತ್ತದೆ. ಅದನ್ನು ಕಡಿಮೆ ಮಾಡುವುದು ನಮ್ಮ ಕೈಯಲ್ಲಿದೆ, ಕಾರ್ಖಾನೆಯಿಂದ ಬಂದ ರ‍್ಯಾಪ್‌ನಲ್ಲಿ ಹಾಗಿಲ್ಲ.

ಪ್ರಿಸರ್ವೇಟಿವ್ ಬಗ್ಗೆ ಗ್ರಾಹಕರಿಗೆ ಹೆದರಿಕೆ ಜಾಸ್ತಿ. ಐಎನ್‌ಎಸ್ 282, 202 ಎಂಬ ಸಂಖ್ಯೆಗಳು ಬೂಸ್ಟು ತಡೆಯುವ ಕ್ಯಾಲ್ಸಿಯಂ ಪ್ರೊಪಿಯೊನೇಟ್ ಮತ್ತು ಪೊಟ್ಯಾಸಿಯಂ ಸೋರ್ಬೇಟ್. ಮಿತಿಯೊಳಗೆ ಇವಕ್ಕೆ ಅನುಮತಿ ಇದೆ. ಈ ಹೆದರಿಕೆಯನ್ನು ನಮ್ಮ ವ್ಯಾಪಾರಕ್ಕೆ ಬಳಸಿಕೊಳ್ಳುವುದು ಸರಿಯಲ್ಲ ಎಂದು ನಮ್ಮ ಅಭಿಪ್ರಾಯ. ಟ್ರಾನ್ಸ್ ಫ್ಯಾಟ್ ವಿಷಯದಲ್ಲೂ ಹಾಗೆಯೇ. 2022ರ ಜನವರಿಯಿಂದ ಎಣ್ಣೆ-ಕೊಬ್ಬಿನಲ್ಲಿ ಅದು ಶೇ. 2 ಮೀರುವಂತಿಲ್ಲ, ಆದ್ದರಿಂದ "ಟ್ರಾನ್ಸ್ ಫ್ಯಾಟ್ ಇಲ್ಲ" ಎಂಬ ಬರಹವನ್ನು ದೊಡ್ಡ ಹೆಗ್ಗಳಿಕೆಯೆಂದು ಓದಬೇಕಿಲ್ಲ. ಉಪ್ಪು, ಮೈದಾ, ಎಣ್ಣೆ ಇವೇ ಮುಖ್ಯ.

ಅಪರೂಪಕ್ಕೆ ತಿನ್ನುವವನಿಗೆ ಯಾವ ರ‍್ಯಾಪ್ ಆದರೂ ನಡೆದೀತು. ಆದರೆ ಡೊಂಬಿವಲಿ, ಕಲ್ಯಾಣಿನಲ್ಲಿ ತಿಂಗಳ ಡಬ್ಬಾ ತೆಗೆದುಕೊಳ್ಳುವವರು, ಕಚೇರಿ ಕ್ಯಾಂಟೀನಿನ ಗಿರಾಕಿಗಳು ವಾರಕ್ಕೆ ಐದು ದಿನ ನಮ್ಮ ಕೈಯ ಅನ್ನ ಉಣ್ಣುವವರು. ಅವರಲ್ಲಿ ಬಿಪಿ, ಸಕ್ಕರೆ ಕಾಯಿಲೆಯವರು ಇದ್ದೇ ಇರುತ್ತಾರೆ. 10 ಅಥವಾ ಹೆಚ್ಚು ಕಡೆ ಶಾಖೆ ಇರುವ ಹೋಟೆಲುಗಳಿಗೂ ಕೇಂದ್ರ ಪರವಾನಗಿ ಇದ್ದವರಿಗೂ ಮೆನುವಿನಲ್ಲಿ ಕ್ಯಾಲೊರಿ ತೋರಿಸುವುದು ಕಡ್ಡಾಯ. ನಮ್ಮಲ್ಲಿ ಹೆಚ್ಚಿನವರು ಆ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಕೊಟೇಶನ್ ಜೊತೆ ಒಂದು ಚೀಟಿ ಕೊಡಬಹುದು: ರೋಲ್‌ನ ತೂಕ, ಆಟಾ ಎಷ್ಟು, ಎಣ್ಣೆ ಎಷ್ಟು, ಉಪ್ಪು ಎಷ್ಟು.

ಕೆಲಸದವರು ಸಿಗದ ಕಾರಣ ಪ್ಯಾಕ್ ಮಾಡಿದ ರ‍್ಯಾಪನ್ನೇ ತಂದು ಕೊಡುವ ಸದಸ್ಯರೂ ಇದ್ದಾರೆ. ತಪ್ಪೇನಿಲ್ಲ, ಆದರೆ ಹಾಗೆಂದು ಗ್ರಾಹಕರಿಗೆ ಮೊದಲೇ ತಿಳಿಸಿ, ಲೇಬಲ್ ಕೀಳದೆ ಕೊಡಿ. ತಣ್ಣಗಿಡುವ ರ‍್ಯಾಪ್ 5 ಡಿಗ್ರಿಯ ಒಳಗೇ ಇರಬೇಕು. ಮೇ ತಿಂಗಳಲ್ಲಿ ಕಲ್ಯಾಣಿನಿಂದ ಮಹಾಪೆಗೆ ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ನಿಂತ ಟೆಂಪೋದೊಳಗೆ ಐಸ್ ಬಾಕ್ಸ್ ಇಲ್ಲದಿದ್ದರೆ ಪ್ಯಾಕೆಟ್ಟಿನ ಮೇಲಿನ ತಾರೀಕಿಗೆ ಬೆಲೆಯಿಲ್ಲ.